‘ಲೈಟ್ ಓಪನ್ ಮಾಡಿ’ ಅಂದವರಿಗೆ ನಾನು ಇಂಗ್ಲಿಷ್ ಕಲಿಸಿದ್ದು

ಗಂಡನ ಕೆಲಸದ ದೆಸೆಯಿಂದ ಚೀನಾದ ಶೆನ್‌ಝೆನ್‌ಗೆ ಹೋದ ಹೊಸತು. ನನಗೆ ‘ನೀ ಹಾವ್’, ಅಂದರೆ ನಮಸ್ಕಾರ, ಬಿಟ್ಟರೆ ಚೈನೀಸ್ ಏನೂ ಬರುತ್ತಿರಲಿಲ್ಲ. ಅದೇ ಕಟ್ಟಡದ ಮೂವರು ಹೆಂಗಸರ ಜೊತೆ ಒಂದು ಒಪ್ಪಂದ ಆಯಿತು. ವಾರಕ್ಕೆ ಎರಡು ಸಂಜೆ, ಅರ್ಧ ಗಂಟೆ ಅವರು ನನಗೆ ಮ್ಯಾಂಡರಿನ್ (ಅವರಾಡುವ ಚೈನೀಸ್), ಅರ್ಧ ಗಂಟೆ ನಾನು ಅವರಿಗೆ ಇಂಗ್ಲಿಷ್.

ಮೊದಲ ಸಂಜೆಯೇ ಒಬ್ಬರು ‘ಪ್ಲೀಸ್ ಓಪನ್ ದ ಲೈಟ್’ ಅಂದರು. ಇನ್ನೊಬ್ಬರು ‘ಓಪನ್ ವಾಟರ್?’ ಅಂತ ಲೋಟ ಮುಂದಿಟ್ಟರು. ಮುಟ್ಟಿ ನೋಡಿದೆ, ಬಿಸಿನೀರು! ಮೂರನೆಯವರ ಗಂಡ ದಿನಾ ಗ್ವಾಂಗ್‌ಝೌಗೆ ‘ಓಪನ್ಸ್ ಎ ಕಾರ್’ ಅಂತೆ.

ಇದೆಲ್ಲದರ ಮೂಲ ಒಂದೇ ಚೈನೀಸ್ ಮಾತು, ಖಾಯ್. ಬಾಗಿಲು ತೆಗೆಯುವುದು ಖಾಯ್, ದೀಪ ಹಾಕುವುದು ಖಾಯ್, ಕಾರು ಓಡಿಸುವುದು ಖಾಯ್, ಮೀಟಿಂಗ್ ಮಾಡುವುದು ಖಾಯ್. ಹೂ ಅರಳಿದರೂ ಖಾಯ್. ಕುದಿಸಿದ ನೀರು ‘ಖಾಯ್ ಶ್ವೇ’, ಖುಷಿಯಾದರೆ ‘ಖಾಯ್ ಶಿನ್’, ಅಂದರೆ ಮನಸ್ಸು ತೆರೆದಿದೆ ಅಂತ. ಹಳೇ ಲಿಪಿಯಲ್ಲಿ ಆ ಅಕ್ಷರ ನೋಡಿದರೆ ಎರಡು ಬಾಗಿಲು, ಮಧ್ಯೆ ಅಗುಳಿ ತೆಗೆಯುತ್ತಿರುವ ಎರಡು ಕೈ. ಹಾಂಗ್‌ಕಾಂಗ್‌ನ ಬೋರ್ಡುಗಳಲ್ಲಿ ಈಗಲೂ ಹಾಗೇ ಇದೆ. ಶೆನ್‌ಝೆನ್ ಇರುವ ಚೀನಾದ ಮುಖ್ಯಭೂಮಿಯಲ್ಲಿ ಅಕ್ಷರ ಸರಳ ಮಾಡುವಾಗ ಬಾಗಿಲನ್ನೇ ಕಿತ್ತು ಹಾಕಿದ್ದಾರೆ, ಉಳಿದದ್ದು ಅಗುಳಿ ಮತ್ತು ಕೈ. ಇರಲಿ.

ನಾನು ಮೊದಲು ಮಾಡಿದ್ದು ತಪ್ಪು. ‘ಓಪನ್’ ಅಂದರೆ ಇಷ್ಟು ಅರ್ಥ ಅಂತ ಪಟ್ಟಿ ಬರೆದುಕೊಟ್ಟೆ. ಅವರು ಚೆನ್ನಾಗಿ ಬಾಯಿಪಾಠ ಮಾಡಿದರು. ಮರುವಾರ ಬಂದಾಗ ‘ಓಪನ್ ದ ಏಸಿ’ ಅಂದರು! ಸಿಟ್ಟು ಬರಬೇಕಿತ್ತು, ಆದರೆ ಅದೇ ಹೊತ್ತಿಗೆ ನಾನೂ ಯೋಚನೆಯಿಲ್ಲದೆ ‘ಐ ವಿಲ್ ಪುಟ್ ದ ಫ್ಯಾನ್’ ಅಂದಿದ್ದೆ. ಫ್ಯಾನ್ ಹಾಕ್ತೀನಿ ಅನ್ನುವುದರ ನೇರ ಇಂಗ್ಲಿಷ್! ನಮ್ಮ ‘ಹಾಕು’ ಏನು ಕಮ್ಮಿಯಾ? ಲೈಟ್ ಹಾಕು, ಬೀಗ ಹಾಕು, ಚಪ್ಪಲಿ ಹಾಕು, ಓಟು ಹಾಕು, ರಂಗೋಲಿ ಹಾಕು. ಅವರ ಖಾಯ್ ನಮ್ಮ ಹಾಕುವಿನ ದೂರದ ನೆಂಟ ಅಂತ ಅವತ್ತು ಅನ್ನಿಸಿತು, ಆಮೇಲೆ ಪಾಠ ಹೇಳುವ ರೀತಿಯೇ ಬದಲಾಯಿತು.

ಪಟ್ಟಿ ಎಸೆದು ಮನೆಯೊಳಗೇ ಸುತ್ತಾಡಿಸಿದೆ. ಒಂದೊಂದು ವಸ್ತುವಿನ ಮುಂದೆ ನಿಂತು ಒಂದೇ ಪ್ರಶ್ನೆ: ಖಾಯ್ ಮಾಡಿದ ಮೇಲೆ ಒಳಗೆ ಕಣ್ಣು ಅಥವಾ ಕೈ ಹೋಗುತ್ತಾ? ಹೋದರೆ ಓಪನ್. ಹೋಗದೆ ಬರೀ ಕೆಲಸ ಶುರುವಾದರೆ ಟರ್ನ್ ಆನ್. ಕಿಟಕಿ, ಡಬ್ಬಿ, ಪುಸ್ತಕ ಓಪನ್. ಲೈಟು, ಏಸಿ, ಟಿವಿ ಟರ್ನ್ ಆನ್. ಇದು ವ್ಯಾಕರಣದ ನಿಯಮ ಅಲ್ಲ, ನನ್ನ ಅಡುಗೆಮನೆ ನಿಯಮ, ಆದರೆ ಕೆಲಸ ಮಾಡಿತು. ತುಂಬಾ ಉಪಯೋಗಕ್ಕೆ ಬಂದದ್ದು ಅವೆನ್. ಅದನ್ನು ಓಪನ್ ಮಾಡಿದರೆ ಬಾಗಿಲು ತೆಗೆದ ಹಾಗೆ, ಟರ್ನ್ ಆನ್ ಮಾಡಿದರೆ ಬಿಸಿ ಮಾಡಿದ ಹಾಗೆ, ಒಂದೇ ಪೆಟ್ಟಿಗೆಗೆ ಎರಡೂ ಸರಿ, ಆದರೆ ಅರ್ಥ ಬೇರೆ ಬೇರೆ. ಫೋನೂ ಹಾಗೇ: ಫೋನ್ ಟರ್ನ್ ಆನ್, ಅದರೊಳಗಿನ ವೀಚಾಟ್ ಆ್ಯಪ್ ಓಪನ್. ಇದು ಹೇಳಿದ ಕೂಡಲೇ ಮೂವರೂ ತಲೆಯಾಡಿಸಿದರು.

ಮೀಟಿಂಗ್ ಮಾತ್ರ ಕಷ್ಟ ಕೊಟ್ಟಿತು. ‘ಬಾಸ್ ಈಸ್ ಓಪನಿಂಗ್ ಎ ಮೀಟಿಂಗ್’ ಅಂದರೆ ಇಂಗ್ಲಿಷ್ ಕಿವಿಗೆ ಅದು ಈಗ ಶುರು ಮಾಡುತ್ತಿದ್ದಾರೆ ಅನ್ನಿಸುತ್ತದೆ. ಆ ಬಾಸ್ ಎರಡು ಗಂಟೆಯಿಂದ ಒಳಗೇ ಇದ್ದರು, ಪಾಪ. ‘ಇನ್ ಎ ಮೀಟಿಂಗ್’ ಅಂತ ಬಾಯಿಗೆ ಬರಲು ಒಂದು ತಿಂಗಳೇ ಹಿಡಿಯಿತು.

ಆಮೇಲೆ ಅಂಗಡಿ. ಅವರು ‘ದ ಶಾಪ್ ಈಸ್ ಓಪನ್ಡ್’ ಅನ್ನುತ್ತಿದ್ದರು. ಮುಚ್ಚಿದ್ದರೆ ‘ಈಸ್ ಕ್ಲೋಸ್ಡ್’ ಅಂತ ನಾನೇ ಹೇಳಿಕೊಟ್ಟಿದ್ದೆ, ಹಾಗಾದರೆ ತೆರೆದಿದ್ದರೆ ‘ಓಪನ್ಡ್’ ಆಗಬೇಕಲ್ವಾ? ಅವರ ಲೆಕ್ಕ ಸರಿ, ಇಂಗ್ಲಿಷೇ ಸೊಟ್ಟ. ಇದಕ್ಕೆ ಕಾರಣ ಹೇಳಲು ಹೋಗಲೇ ಇಲ್ಲ, ‘ಓಪನ್, ಕ್ಲೋಸ್ಡ್’ ಅಂತ ಜೋಡಿಯಾಗಿ ಬೋರ್ಡ್ ಬರೆದು ಫ್ರಿಜ್‌ಗೆ ಅಂಟಿಸಿದೆ.

ನನ್ನ ಸರದಿಯಲ್ಲಿ ನಾನೂ ಜಾಣೆ ಆಗಲು ಹೋದೆ. ಜೋರು ಮಳೆ, ಛತ್ರಿ ಬಿಚ್ಚಿ ಹಿಡಿಯಿರಿ ಅನ್ನಲು ಧೈರ್ಯವಾಗಿ ಖಾಯ್ ಬಳಸಿದೆ. ಮೂವರೂ ನಕ್ಕರು. ಛತ್ರಿಗೆ ಅವರು ‘ತಾ’ ಅನ್ನುತ್ತಾರಂತೆ. ತಾ ಅಂದರೆ ಹೊಡಿ! ಛತ್ರಿ ಹೊಡಿ, ಫೋನ್ ಹೊಡಿ, ಟ್ಯಾಕ್ಸಿ ಹೊಡಿ. ಗೊರಕೆ? ಅಂತ ಸುಮ್ನೆ ಕೇಳಿದೆ. ಅದಕ್ಕೂ ‘ತಾ’ ಅಂತೆ. ನಾವು ಗೊರಕೆ ಹೊಡೆಯುತ್ತೇವೆ, ಅವರೂ ಹೊಡೆಯುತ್ತಾರೆ, ಇಂಗ್ಲಿಷಿನವರಿಗೆ ಮಾತ್ರ ಏನನ್ನೂ ಹೊಡೆಯದೆ ಗೊರಕೆ ಬರುತ್ತದೆ.