ರಿಟರ್ನ್‌ನಲ್ಲಿ ತಮ್ಮನ ಹೆಸರು ಸೇರಿಸಿದ ವರ್ಷ

ನನ್ನ ತಮ್ಮನಿಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ. ಅಪ್ಪ ತೀರಿಕೊಂಡ ಮೇಲೆ ಅವನೂ ಅಮ್ಮನೂ ಹಾಸನದಲ್ಲಿ ನನ್ನ ಜೊತೆಗೇ ಇದ್ದಾರೆ. ಆದರೂ ಎಷ್ಟೋ ವರ್ಷ ನನ್ನ ಆದಾಯ ತೆರಿಗೆ ರಿಟರ್ನ್‌ನಲ್ಲಿ ಅವನ ಹೆಸರೇ ಇರಲಿಲ್ಲ. ರಿಟರ್ನ್ ತುಂಬಿಕೊಡುತ್ತಿದ್ದವರು, "ಆಸ್ಪತ್ರೆ ಬಿಲ್ ಎಲ್ಲಾ ಇಟ್ಟಿದ್ದೀರಾ?" ಅಂತ ಕೇಳುತ್ತಿದ್ದರು. ಇರಲಿಲ್ಲ. ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ.

2024ರ ಜೂನ್‌ನಲ್ಲಿ ನಾನೇ ಕೂತು ಆದಾಯ ತೆರಿಗೆ ಕಾಯ್ದೆಯ 80ಡಿಡಿ ಕಲಂ ಓದಿದೆ. ಮನೆಯಲ್ಲಿ ನಮ್ಮನ್ನೇ ನೆಚ್ಚಿಕೊಂಡಿರುವ ಅಂಗವಿಕಲರಿದ್ದರೆ ಸಿಗುವ ವಿನಾಯಿತಿ ಅದು, ಅಷ್ಟು ಮೊತ್ತವನ್ನು ಆದಾಯದಿಂದ ಕಳೆದು ಉಳಿದದ್ದಕ್ಕೆ ಮಾತ್ರ ತೆರಿಗೆ. ಗಂಡ ಅಥವಾ ಹೆಂಡತಿ, ಮಕ್ಕಳು, ಅಪ್ಪ ಅಮ್ಮ ಮಾತ್ರ ಅಲ್ಲ, ಒಡಹುಟ್ಟಿದವರೂ ಲೆಕ್ಕಕ್ಕೆ ಬರುತ್ತಾರೆ. ವೈಕಲ್ಯ ಶೇ. 40ರಿಂದ ಮೇಲಿದ್ದರೆ 75,000 ರೂ., ಶೇ. 80 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 1,25,000 ರೂ. ಅವರ ಆರೈಕೆಗೆ ನಾವು ಖರ್ಚು ಮಾಡಿರಬೇಕು, ಆದರೆ ಎಷ್ಟು ಮಾಡಿದ್ದೇವೆ ಅನ್ನುವುದರ ಮೇಲೆ ಈ ಮೊತ್ತ ನಿಂತಿಲ್ಲ. ಬಿಲ್ ಇಲ್ಲ ಅಂತ ನಾನು ಸುಮ್ನೆ ಬಿಟ್ಟುಕೊಂಡಿದ್ದು ಅದನ್ನೇ. ಆ ಹಳೇ ದುಡ್ಡು ಹೋಯಿತು. ಗಡುವು ಮೀರಿದ ಮೇಲೆ ಹಾಕುವ ಅಪ್‌ಡೇಟೆಡ್ ರಿಟರ್ನ್‌ನಲ್ಲಿ ರೀಫಂಡ್ ಕೇಳುವ ಹಾಗಿಲ್ಲ.

ಬಿಲ್ ಬೇಡ, ಅಂಗವೈಕಲ್ಯದ ಸರ್ಟಿಫಿಕೇಟ್ ಮಾತ್ರ ಬೇಕೇ ಬೇಕು. ತಮ್ಮನದ್ದರ ಅವಧಿ ಮುಗಿದಿತ್ತು. ಸರ್ಕಾರಿ ಆಸ್ಪತ್ರೆಗೆ ಮೂರು ಸಲ ಅವನನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ವೀಲ್‌ಚೇರಿನಲ್ಲಿ ಕೂತು ಸರದಿ ಕಾಯುವುದು ಅವನಿಗೆ ತುಂಬಾ ಕಷ್ಟ. ಮೂರನೇ ಸಲ ಹೊಸ ಸರ್ಟಿಫಿಕೇಟ್ ಕೈಗೆ ಬಂತು, ಶೇ. 80 ಅಂತ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಒಂದಕ್ಕಿಂತ ಹೆಚ್ಚು ವೈಕಲ್ಯ ಇದ್ದವರಿಗೆ ಫಾರಂ 10-ಐಎ ಅಂತ ಬೇರೆಯೇ ಇತ್ತು. ಅದನ್ನು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಮೊದಲು ಸಲ್ಲಿಸಿ, ಆಮೇಲೆ ರಿಟರ್ನ್‌ಗೆ ಕೈ ಹಾಕಿದೆ.

ಅಮ್ಮನದು ಬೇರೆ ಲೆಕ್ಕ. ಅವರಿಗೆ 60 ದಾಟಿದೆ, ಆರೋಗ್ಯ ವಿಮೆ ಇಲ್ಲ. ಹಾಗಿದ್ದರೆ ಔಷಧಿ, ಚಿಕಿತ್ಸೆಯ ಖರ್ಚನ್ನೇ 80ಡಿ ಕಲಂನಲ್ಲಿ 50,000 ರೂ. ತನಕ ತೋರಿಸಬಹುದಿತ್ತು. ಅಪ್ಪ ಅಮ್ಮ ನಮ್ಮ ಆಸರೆಯಲ್ಲೇ ಇರಬೇಕು ಅಂತಲೂ ಇಲ್ಲಿ ಇಲ್ಲ. ಆದರೆ ನಗದು ಕೊಟ್ಟಿದ್ದು ಬರುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಫೋನ್‌ಪೇ ಮಾಡಿದ್ದಷ್ಟೇ ಕೂಡಿಸಿದೆ, 38,000 ಆಯಿತು.

ಈಗ ಮುಖ್ಯ ವಿಷಯ. ತೆರಿಗೆ ಲೆಕ್ಕಕ್ಕೆ ಹಳೆಯದು, ಹೊಸದು ಅಂತ ಎರಡು ಪದ್ಧತಿ. ಇವೆರಡೂ ವಿನಾಯಿತಿ ಹಳೆಯದರಲ್ಲಿ ಮಾತ್ರ ಸಿಗುತ್ತವೆ. 2023-24ರಿಂದ ನಾವು ಏನೂ ಹೇಳದಿದ್ದರೆ ಹೊಸ ಪದ್ಧತಿಯೇ ಲೆಕ್ಕ. ನನ್ನ ಸಂಬಳ ಆ ವರ್ಷ 9,60,000. ಹೊಸದರಲ್ಲಿ ತೆರಿಗೆ 48,360 ರೂ. ಕಂಪನಿ ಅಷ್ಟನ್ನೂ ಆಗಲೇ ಹಿಡಿದಿತ್ತು. ಹಳೆಯದರಲ್ಲಿ ಸಂಬಳದವರಿಗೆಲ್ಲ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,400, ಪಿಎಫ್ ಮತ್ತು ಎಲ್‌ಐಸಿ ಸೇರಿ 1,50,000, ಅಮ್ಮನ ಔಷಧಿ 38,000 ಕಳೆದರೂ ತೆರಿಗೆ 58,680 ಬರುತ್ತಿತ್ತು. ಅಂದರೆ ಹೊಸದೇ ವಾಸಿ. ತಮ್ಮನ 1,25,000 ಕಳೆದದ್ದೇ ತಡ, 32,680ಕ್ಕೆ ಇಳಿಯಿತು! ಎರಡೆರಡು ಸಲ ಕೂಡಿ ನೋಡಿದೆ.

ರಿಟರ್ನ್ ಫಾರಂನಲ್ಲಿ, "ಹೊಸ ಪದ್ಧತಿಯಿಂದ ಹೊರಗೆ ಬರುತ್ತೀರಾ?" ಅನ್ನುವ ಅರ್ಥದ ಪ್ರಶ್ನೆ ಇರುತ್ತದೆ. ಹಳೆಯದು ಬೇಕಾದರೆ "ಹೌದು" ಅನ್ನಬೇಕು. ಇಲ್ಲಿ ತುಂಬಾ ಜನ ಎಡವುತ್ತಾರೆ. ಇನ್ನೊಂದು, ಗಡುವಿನೊಳಗೆ ಹಾಕಿದರೆ ಮಾತ್ರ ಹಳೇ ಪದ್ಧತಿ. ಆ ವರ್ಷ ಜುಲೈ 31 ಕೊನೇ ದಿನ. ಒಂದು ದಿನ ತಡವಾಗಿದ್ದರೂ ತಮ್ಮನ ವಿನಾಯಿತಿ ಪೂರ್ತಿ ಹೋಗುತ್ತಿತ್ತು. ನಾನು 19ಕ್ಕೆ ಹಾಕಿ, ಆಧಾರ್ ಓಟಿಪಿಯಿಂದ ಆಗಲೇ ಇ-ವೆರಿಫೈ ಮಾಡಿದೆ, ಅಂದರೆ ರಿಟರ್ನ್ ನನ್ನದೇ ಅಂತ ಆನ್‌ಲೈನ್‌ನಲ್ಲಿ ಖಚಿತಪಡಿಸಿದೆ. ಅದಕ್ಕೆ 30 ದಿನ ಇದೆ, ಆದರೆ ಮುಂದಕ್ಕೆ ಹಾಕಿದರೆ ಮರೆತುಹೋಗುತ್ತದೆ. ಸೆಪ್ಟೆಂಬರ್‌ನಲ್ಲಿ 15,680 ರೂ. ವಾಪಸ್ ಬಂತು. ತಮ್ಮನ ಫಿಸಿಯೋಥೆರಪಿಗೆ ಎತ್ತಿಟ್ಟೆ.

2025-26ರಿಂದ ಲೆಕ್ಕ ಬದಲಾಗಿದೆ. ಹೊಸ ಪದ್ಧತಿಯಲ್ಲಿ 12,75,000ದ ತನಕ ಸಂಬಳಕ್ಕೆ ತೆರಿಗೆಯೇ ಇಲ್ಲ, ಹಾಗಾಗಿ ನನಗೆ ವಿನಾಯಿತಿ ಕೇಳುವ ಅಗತ್ಯ ಇಲ್ಲ. ತೆರಿಗೆ ಇಲ್ಲ ಅಂದರೆ ರಿಟರ್ನ್ ಬೇಡ ಅಂತಲ್ಲ. ಆದಾಯ 4 ಲಕ್ಷ ದಾಟಿದರೆ ಹಾಕಲೇಬೇಕು. ನಮ್ಮ ಸೋದರತ್ತೆ ಮಗಳಿಗೆ ಸಂಬಳ ಜಾಸ್ತಿ, ಮಗನಿಗೆ ಆಟಿಸಂ. ಅವಳು ಎರಡೂ ಲೆಕ್ಕ ಹಾಕಿ ನೋಡಲೇಬೇಕು. ಮಗುವಿನ ಸರ್ಟಿಫಿಕೇಟ್ ಅವಧಿ ಮುಗಿದಿದೆಯಂತೆ. ಸೋಮವಾರ ನಾನೂ ಜೊತೆಗೆ ಆಸ್ಪತ್ರೆಗೆ ಹೋಗುತ್ತಿದ್ದೇನೆ.