ಎಡಿಎಚ್‌ಡಿ ಮಾತ್ರೆ: ಹಸಿವು, ನಿದ್ದೆ, ಸಂಜೆಯ ಸಿಡುಕು

ಎಡಿಎಚ್‌ಡಿ ಎಂದರೆ ಗಮನ ನಿಲ್ಲದ, ಅತಿ ಚಡಪಡಿಕೆಯ ತೊಂದರೆ. ಅದಕ್ಕೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆ ಶುರುವಾದ ಮೊದಲ ವಾರವೇ ಶಾಲೆಯ ಡಬ್ಬಿ ಹೋದ ಹಾಗೇ ವಾಪಸ್ ಬರಬಹುದು. ಅದು ಮಗುವಿನ ಹಟವಲ್ಲ. ಮಾತ್ರೆ ಕೆಲಸ ಮಾಡುವಷ್ಟು ಹೊತ್ತು ಹಸಿವೇ ಗೊತ್ತಾಗುವುದಿಲ್ಲ. ಸಾದಾ ಮಾತ್ರೆಗೆ ಇದು ಸುಮಾರು 4 ಗಂಟೆ, ನಿಧಾನವಾಗಿ ಕರಗುವ ಬಗೆಗೆ 8ರಿಂದ 12 ಗಂಟೆ. ನಿಮ್ಮ ಮಗುವಿನದು ಯಾವುದೆಂದು ಮೊದಲು ಡಾಕ್ಟರ ಚೀಟಿಯಲ್ಲಿ ನೋಡಿಕೊಳ್ಳಿ. ಮಿಕ್ಕ ಲೆಕ್ಕವೆಲ್ಲ ಅದರ ಮೇಲೆ.

ಹೊಟ್ಟೆ ತುಂಬ ತಿನ್ನಿಸುವುದನ್ನು ಮಾತ್ರೆಯ ಆಚೀಚೆಗೆ ಸರಿಸಿ. ಬೆಳಿಗ್ಗೆ ತಿಂಡಿ ಮುಗಿದ ಮೇಲೆಯೇ ಮಾತ್ರೆ: ಎರಡು ದೋಸೆ, ಕಡ್ಲೆಕಾಯಿ ಬೀಜದ ಚಟ್ನಿ, ಒಂದು ಮೊಟ್ಟೆ. ತಿಂಡಿಯ ಮೇಲೆ ಕೊಟ್ಟರೆ ಹೊಟ್ಟೆನೋವೂ ಕಡಿಮೆ. ರಾಗಿ ಗಂಜಿ ಕುಡಿಸಿ ಕಳಿಸುವವರು ಅದನ್ನು ಹಾಲಿನಲ್ಲೇ ಕಾಯಿಸಿ ಒಂದು ಚಮಚ ತುಪ್ಪ ಹಾಕಿ; ನೀರುಗಂಜಿಗೆ ಹೊಟ್ಟೆ ತುಂಬುತ್ತದೆ, ತೂಕ ಏರುವುದಿಲ್ಲ. ಮಧ್ಯಾಹ್ನ ಬಿಸಿಯೂಟ ಬಿಟ್ಟರೆ ಬಲವಂತ ಬೇಡ ಎಂದು ಮೇಷ್ಟ್ರಿಗೆ ಮುಂಚೆಯೇ ಹೇಳಿಡಿ. ಒಂದು ಬಾಳೆಹಣ್ಣು, ಒಂದು ಕಡ್ಲೆ ಚಿಕ್ಕಿ ಇಳಿದರೂ ಸಾಕು. ನೀರು ಮಾತ್ರ ಕುಡಿಯಲೇಬೇಕು. ಎಷ್ಟೋ ಸಲ ತಲೆನೋವಿನ ಮೂಲ ಖಾಲಿ ಹೊಟ್ಟೆ, ಒಣಗಿದ ಬಾಯಿ. ನಿಜವಾದ ಹಸಿವು ಬರುವುದು ಸಂಜೆ, ಕೆಲವರಿಗೆ ರಾತ್ರಿ 9ಕ್ಕೆ. ಆಗ ಬಿಸ್ಕತ್ತಿನಲ್ಲಿ ಮುಗಿಸದೆ ಮುದ್ದೆ, ಬಸ್ಸಾರು ಬಡಿಸಿ.

ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿಗೆ ಅರ್ಧ–ಒಂದು ಗಂಟೆ ಅಳು, ರೇಗಾಟ ಇರಬಹುದು. ಆ ಹೊತ್ತಿಗೆ ಹೋಂವರ್ಕ್ ಇಟ್ಟುಕೊಳ್ಳಬೇಡಿ. ತಿನ್ನಲು ಕೊಟ್ಟು ಆಡಲು ಬಿಡಿ. ಆದರೆ ದಿನವಿಡೀ ಮಂಕಾಗಿ ಕೂತಿದ್ದರೆ ಅದು ಬೇರೆ ಮಾತು: ಡೋಸ್ ಜಾಸ್ತಿಯಾಗಿರಬಹುದು, ಡಾಕ್ಟರಿಗೆ ಹೇಳಿ.

ಬೆಳಗಿನ ಮಾತ್ರೆ ಮರೆತರೆ ಸಂಜೆ ಕೊಡಬೇಡಿ, ಮರುದಿನ ಎರಡು ಕೊಡುವುದೂ ಬೇಡ. ಸಂಜೆಯದು ನಿದ್ದೆ ಕೆಡಿಸುತ್ತದೆ. ನಿಧಾನವಾಗಿ ಕರಗುವ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಂದೇ ಸಲಕ್ಕೆ ಒಳಗೆ ಹೋಗುತ್ತದೆ. ನುಂಗಲು ಬಾರದಿದ್ದರೆ ಬೇರೆ ಬಗೆ ಬರೆದುಕೊಡಲು ಕೇಳಿ.

ತಿಂಗಳಿಗೊಮ್ಮೆ ಅದೇ ತಕ್ಕಡಿಯಲ್ಲಿ ತೂಕ, 6 ತಿಂಗಳಿಗೊಮ್ಮೆ ಎತ್ತರ ಬರೆದಿಡಿ. ಎರಡು ತಿಂಗಳು ಸತತ ತೂಕ ಇಳಿದರೆ ಮುಂದಿನ ತಾರೀಕಿಗೆ ಕಾಯಬೇಡಿ. ಕೋಲಾರದಿಂದ ನಿಮ್ಹಾನ್ಸ್‌ಗೆ ಹೋಗುವ ದಿನ, ಬೆಳಗಿನ ಬಸ್ಸಿನ ಗಡಿಬಿಡಿಯಲ್ಲಿ ಮಾತ್ರೆ ಬಿಡುವುದುಂಟು. ಬಿಡಬೇಡಿ: ನಾಡಿ, ಬಿಪಿ ನೋಡಬೇಕಾದ್ದು ಮಾತ್ರೆ ಒಳಗಿರುವಾಗಲೇ.

ಎದೆನೋವು, ತಲೆಸುತ್ತಿ ಬೀಳುವುದು, ಇಲ್ಲದ್ದು ಕಾಣುವುದು ಅಥವಾ ಕೇಳುವುದು, ಸಾಯುವ ಮಾತು: ಇವುಗಳಲ್ಲಿ ಯಾವುದಾದರೂ ಬಂದರೆ ಮುಂದಿನ ಮಾತ್ರೆ ಕೊಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇದು ಷೆಡ್ಯೂಲ್ ಎಕ್ಸ್ ಔಷಧಿ, ಅಂದರೆ ಮಾರಾಟಕ್ಕೆ ಕಾನೂನಿನ ಬಿಗಿ ಕಟ್ಟುಪಾಡು ಇರುವ ಪಟ್ಟಿಯದು. ಚೀಟಿ ಎರಡು ಪ್ರತಿ ಬೇಕು, ಒಂದನ್ನು ಅಂಗಡಿಯವರು ಇಟ್ಟುಕೊಳ್ಳುತ್ತಾರೆ. ಈ ಪಟ್ಟಿಯ ಔಷಧಿ ಮಾರುವ ಲೈಸೆನ್ಸ್ ಇಲ್ಲದ ಮೆಡಿಕಲ್ ಸ್ಟೋರಿನಲ್ಲಿ ಸಿಗುವುದಿಲ್ಲ. ಹತ್ತು ಮಾತ್ರೆ ಉಳಿದಿರುವಾಗಲೇ ವಿಚಾರಿಸಿ.