ಅಚ್ಚುಬೆಲ್ಲ ಹೊತ್ತು ಥಾರ್ ಮರುಭೂಮಿಗೆ

ಆಲೆಮನೆಯ ಲೆಕ್ಕ ಬರೆಯುವವನಿಗೆ ಪ್ರವಾಸವೂ ಜಮಾ-ಖರ್ಚಾಗಿಯೇ ಕಾಣುತ್ತದೆ. ರಾಜಸ್ಥಾನದ ಮರಳುಗಾಡು ನೋಡಬೇಕೆಂದು ಭಾವ ಎರಡು ವರ್ಷದಿಂದ ದುಂಬಾಲು ಬಿದ್ದಿದ್ದರು. ‘ಮರಳು ನೋಡಲು ತಲಕಾಡು ಸಾಲದೆ ಭಾವ?’ ಎಂದು ನಾನು ಜಾರಿಕೊಳ್ಳುತ್ತಿದ್ದೆ. ಕೊನೆಗೆ, ತಲೆಗೆ 10,000 ರೂಪಾಯಿ ಮೀರಕೂಡದು ಎಂಬ ಷರತ್ತಿನ ಮೇಲೆ ಒಪ್ಪಿದೆ.

ಮೊದಲು ದಿನ ಗೊತ್ತುಮಾಡಿದೆವು. ದೀಪಾವಳಿಯ ವಾರ ಗುಜರಾತಿನ ಕುಟುಂಬಗಳು ಮರಳುಗಾಡಿನ ಊರಾದ ಜೈಸಲ್ಮೇರಿಗೆ ನುಗ್ಗುತ್ತವೆ. ಡಿಸೆಂಬರ್ ಕೊನೆಯಲ್ಲಿಯೂ ಮಾಘ ಹುಣ್ಣಿಮೆಯ ಹೊತ್ತಿನ ಮರುಭೂಮಿ ಉತ್ಸವದಲ್ಲಿಯೂ ಕೋಣೆಯ ಬಾಡಿಗೆ ಕೈಗೆಟುಕುವುದಿಲ್ಲ. ನಾವು ಹಿಡಿದದ್ದು ನವೆಂಬರ್ ಕೊನೆಯ ವಾರ. ರೈಲಿನ ಮುಂಗಡ ಟಿಕೆಟ್ 60 ದಿನ ಮೊದಲು ಸಿಗುತ್ತದೆ. ಆ ಬೆಳಿಗ್ಗೆಯೇ ಸ್ಲೀಪರ್ ಕಾಯ್ದಿರಿಸಿದೆ.

ಹಣ ಉಳಿದದ್ದು ಚೌಕಾಸಿಯಿಂದಲ್ಲ, ಭೂಪಟದಿಂದ. ಮೈಸೂರು-ಅಜ್ಮೇರ್ ಎಕ್ಸ್‌ಪ್ರೆಸ್ ವಾರಕ್ಕೆರಡು ಸಲ ನಮ್ಮ ಮಂಡ್ಯದ ಮೇಲೆಯೇ ಹೋಗುತ್ತದೆ. ಕೇಳಿದವರೆಲ್ಲ ‘ಅಜ್ಮೇರಿಗೆ ಹೋಗಿ, ಅಲ್ಲಿಂದ ಜೋಧಪುರ’ ಎಂದರು. ಭೂಪಟ ಬಿಡಿಸಿದರೆ ಅದು ಊರು ದಾಟಿ ಹೋಗಿ ಮತ್ತೆ ಹಿಂದಕ್ಕೆ ನಡೆದಂತೆ. ಅಜ್ಮೇರಿಗಿಂತ ಮೊದಲೇ ಮಾರ್ವಾಡ್ ಜಂಕ್ಷನ್ ಬರುತ್ತದೆ. ಅಲ್ಲಿಂದ ಜೋಧಪುರ ನೂರು ಕಿಲೋಮೀಟರ್ ಆಸುಪಾಸು. ಅಲ್ಲಿಯೇ ಇಳಿದೆವು. ಜೋಧಪುರದಿಂದ ಜೈಸಲ್ಮೇರಿಗೆ ಬೇಕೆಂದೇ ರಾತ್ರಿಯ ರೈಲು ಹತ್ತಿದೆವು. ಒಂದು ರಾತ್ರಿಯ ವಸತಿಗೃಹದ ಖರ್ಚು ಅಲ್ಲಿಗೆ ಮಿಕ್ಕಿತು.

ಎಡವಿದ್ದು ಜೈಸಲ್ಮೇರಿನಲ್ಲಿ. ಸ್ಟೇಷನ್ನಿನ ಹೊರಗೆ ಒಬ್ಬ 300 ರೂಪಾಯಿಗೆ ಕೋಣೆ ಎಂದಾಗ ನನ್ನೊಳಗಿನ ಗುಮಾಸ್ತ ಹಿಗ್ಗಿದ. ಒಂಟೆ ಸವಾರಿಯನ್ನು ತಮ್ಮಲ್ಲಿಯೇ ಕೊಳ್ಳಬೇಕೆಂಬುದು ಆ ಬಾಡಿಗೆಯ ಒಳಗುಟ್ಟು. ನಾವು ಒಲ್ಲೆವೆಂದ ಮೇಲೆ ಬಿಸಿನೀರು ನಿಂತಿತು, ಮಧ್ಯಾಹ್ನಕ್ಕೆ ಕೋಣೆ ಬಿಡಿ ಎಂದರು. ಭಾವ ಲಾರಿ ಓಡಿಸುತ್ತಿದ್ದ ಕಾಲದ ಹಿಂದಿಯಲ್ಲಿ ಏನೋ ಅಂದರು. ಅದನ್ನು ಇಲ್ಲಿ ಬರೆಯುವುದು ಬೇಡ.

ಜೈಸಲ್ಮೇರಿಗೆ ಬಂದವರಲ್ಲಿ ಹೆಚ್ಚಿನವರು ಹೋಗುವುದು ಸಮ್ ಎಂಬಲ್ಲಿನ ಮರಳು ದಿಬ್ಬಗಳಿಗೆ. ಅಲ್ಲಿ ಗುಡಾರಗಳ ಸಾಲು, ಜೀಪುಗಳ ಓಡಾಟ. ನಾವು ಆರಿಸಿಕೊಂಡದ್ದು ಜೈಸಲ್ಮೇರಿನಿಂದ ನೈಋತ್ಯಕ್ಕೆ ಸುಮಾರು 50 ಕಿಲೋಮೀಟರ್ ದೂರದ ಖೂರಿ ಎಂಬ ಹಳ್ಳಿ. ಬಸ್ಸುಗಳು ಕಡಿಮೆ, ಹೋಗುವ ದಿನವೇ ಹಿಂದಿರುಗುವ ಬಸ್ಸಿನ ಹೊತ್ತನ್ನು ಚಾಲಕನನ್ನೇ ಕೇಳಿ ಬರೆದುಕೊಂಡೆ. ಮಣ್ಣಿನ ಗೋಡೆ, ಹುಲ್ಲಿನ ಮಾಡಿನ ಮನೆಯೊಂದರಲ್ಲಿ ಎರಡು ರಾತ್ರಿ ಇದ್ದೆವು. ಊಟವೂ ಸಂಜೆಯ ಒಂಟೆಯೂ ಸೇರಿ ರಾತ್ರಿಯೊಂದಕ್ಕೆ ತಲೆಗೆ 1,200. ದಿಬ್ಬಗಳಿಗೆ ನಡೆದೇ ಹೋಗಬಹುದು. ಎರಡನೆಯ ದಿನ ಒಂಟೆ ಬೇಡವೆಂದು ಬರಿಗಾಲಿನಲ್ಲಿ ಹೊರಟೆವು. ಬೆಳಗಿನ ಮರಳು ಬಾವಿಯ ಕಟ್ಟೆಯ ಹಾಗೆ ತಣ್ಣಗಿತ್ತು. ಯಾವುದೋ ಜೀರುಂಡೆ ಇರುಳೆಲ್ಲ ನಡೆದ ಗುರುತು ಹೊಲಿಗೆ ಹಾಕಿದಂತೆ ದಿಬ್ಬದ ನೆತ್ತಿಯವರೆಗೂ ಹೋಗಿತ್ತು.

ಮನೆಯಾಕೆಗೆ ಮಂಡ್ಯದ ಅಚ್ಚುಬೆಲ್ಲ ಕೊಟ್ಟೆ. ಆಕೆ ಒಂದು ಅಚ್ಚನ್ನು ಒಲೆಯ ಕಲ್ಲಿಗೆ ಕುಟ್ಟಿ, ಬಿಸಿ ಸಜ್ಜೆ ರೊಟ್ಟಿಯ ಮೇಲೆ ತುಪ್ಪದೊಂದಿಗೆ ಹಾಕಿ ನಮಗೇ ಬಡಿಸಿದರು. ಪಕ್ಕದಲ್ಲಿ ಕಪ್ಪಗೆ, ದಾರದಂತೆ ಕಾಣುವ ಪಲ್ಯ. ಸಾಂಗ್ರಿ ಎಂದರು. ಯಾವ ಕಾಯಿ ಎಂದು ಕೇಳಿದ್ದಕ್ಕೆ ಅಂಗಳದಾಚೆಯ ಖೇಜ್ರಿ ಮರ ತೋರಿಸಿದರು. ಹತ್ತಿರ ಹೋಗಿ ಎಲೆ ಮುಟ್ಟಿದೆ: ನಮ್ಮ ಬನ್ನಿ! ಮೈಸೂರಿನಲ್ಲಿ ಜಂಬೂಸವಾರಿ ಬನ್ನಿಮಂಟಪಕ್ಕೆ ಹೋಗುವುದನ್ನು ಚಿಕ್ಕಂದಿನಿಂದ ನೋಡಿದವನು ನಾನು. ಪೂಜೆಯ ಮರದ ಎಳೆಕಾಯನ್ನು ಒಣಗಿಸಿ ವರ್ಷವಿಡೀ ಉಣ್ಣುತ್ತಾರೆಂದು ಗೊತ್ತಿರಲಿಲ್ಲ. ಅದು ರಾಜಸ್ಥಾನದ ರಾಜ್ಯ ವೃಕ್ಷ.

ಹಿಂದಿರುಗುವ ದಿನ ತಲೆಗೆ 9,400ಕ್ಕೆ ಲೆಕ್ಕ ನಿಂತಿತ್ತು. ಜೈಸಲ್ಮೇರಿನ ಅಂಗಡಿಯಲ್ಲಿ ಕಾಲು ಕಿಲೋ ಸಾಂಗ್ರಿ ಕೇಳಿ, ಬೆಲೆ ಕೇಳಿ, ನೂರು ಗ್ರಾಮಿಗೆ ಇಳಿದೆ. ಮನೆಯಲ್ಲಿ ರಾತ್ರಿ ನೆನೆಸಿ, ಕಾಯಿತುರಿ ಹಾಕಿ ಪಲ್ಯ ಮಾಡಿದರು. ಬನ್ನಿ ಕಾಯಿ ಎಂದು ತಿಳಿದ ಮೇಲೆ ಅಮ್ಮ ತಟ್ಟೆಯನ್ನು ಕಣ್ಣಿಗೊತ್ತಿಕೊಂಡರು, ತಿನ್ನಲಿಲ್ಲ.